ಕೊಹರುವಿನ ಹೊಸ ಹೆಸರು

ಶವಪೆಟ್ಟಿಗೆಯ ಪಕ್ಕದಲ್ಲಿ ಬಿಳಿ ಮರದ ಫಲಕವಿಟ್ಟು, ಗುರು ರ್ಯೂಎನ್ ಅದರ ಮೇಲಿದ್ದುದನ್ನು ಗಟ್ಟಿಯಾಗಿ ಓದಿದರು: "ಹೋಶುನ್ ದೋನ್ಯೋ." ದೋನ್ಯೋ ಎಂದರೆ ಎಳೆಯ ಹುಡುಗಿ; ಹೋಶುನ್ ಸತ್ತವರಿಗೆ ಗುಡಿಯಲ್ಲಿ ಇಡುವ ಹೆಸರು. ಇನ್ನು ಮೇಲೆ ಬುದ್ಧ ಕೊಹರುವನ್ನು ಆ ಹೆಸರಿನಿಂದಲೇ ಕರೆಯುತ್ತಾನೆ. ಮಗುವಿನ ಅಪ್ಪ, ಅಮ್ಮ ತಲೆಬಾಗಿದರು. ಅಜ್ಜಿ ಕಿನುಯೊ ಬಾಗಲಿಲ್ಲ.

"ಇದು ಬೇಡ. ನನ್ನ ಮೊಮ್ಮಗಳು ಈ ಹೆಸರಿಗೆ ತಿರುಗಿಯೂ ನೋಡಲ್ಲ."

ಬಂದವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ, ಅವರ ಮನೆಯ ಮಗುವೇನು ಹೋಗಿಲ್ಲವಲ್ಲ.

"ಅವಳ ಹೆಸರಿನ ವಸಂತವನ್ನ ಇದರಲ್ಲೇ ಇಟ್ಟಿದೀನಮ್ಮ," ಎಂದರು ಗುರುಗಳು. "ಮನೆಮಾತಲ್ಲಿ ಹರು, ಮಂತ್ರದ ಮಾತಲ್ಲಿ ಶುನ್. ಅರ್ಥ ಒಂದೇ."

"ಅರ್ಥ ಕಟ್ಕೊಂಡು ಐದು ವರ್ಷದ ಮಗು ಏನ್ಮಾಡುತ್ತೆ? ಅದಕ್ಕೆ ಗೊತ್ತಿರೋದು ದನಿ."

ನಿಜವೇ. ಮಾತು ಯಾವ ಕಡೆಯದೆಂದು ಕೊಹರು ಕಿವಿಯಲ್ಲೇ ಕಂಡುಹಿಡಿಯುತ್ತಿದ್ದಳು. ಹನ ಎಂದರೆ ಹೂವು, ಸೊರ ಎಂದರೆ ಆಕಾಶ. ಹೀಗೆ ಬಾಯಿ ತೆರೆದೇ ಮುಗಿಯುವ ಮೃದು ಮಾತುಗಳೆಲ್ಲ ಅಜ್ಜಿಯವು. ಪೊತ್ಸು ಪೊತ್ಸು, ಗೊರೊ ಗೊರೊ ಎಂದು ಜೋಡಿಯಾಗಿ ಬರುವವು ಮಳೆಹನಿಯವು, ಗುಡುಗಿನವು, ಅವಕ್ಕೆ ಕುಣಿಯುತ್ತಿದ್ದಳು. ಎಳೆದು, ತಿರುಚಿ, ಮೂಗಿನಲ್ಲಿ ನಿಲ್ಲಿಸುವ ಮಾತುಗಳು ಮಾತ್ರ ಹಿಂದೆಂದೋ ಮಂತ್ರಗಳ ಜೊತೆ ಚೀನಾದಿಂದ ಬಂದವು. ಅವು ಕಿವಿಗೆ ಬಿದ್ದರೆ ಅಜ್ಜಿಯ ಬೆನ್ನ ಹಿಂದೆ ಅಡಗುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು "ಹೈಎನ್" ಎಂದಾಗ, ಅದು ನ್ಯುಮೋನಿಯಾ ಎಂದು ತಿಳಿಯದಿದ್ದರೂ, ಅಜ್ಜಿಯ ತೋಳಿನಲ್ಲಿ ಮುಖ ಹುದುಗಿಸಿದ್ದಳು.

ಸಾಲದ್ದಕ್ಕೆ, ಗುರುತಿಲ್ಲದವರು ಕರೆದರೆ ಹೋಗಬಾರದೆಂದು ಕಲಿಸಿದವಳೂ ಕಿನುಯೊನೇ. ಒಮ್ಮೆ ಮೀನು ಮಾರುಕಟ್ಟೆಯಲ್ಲಿ ಯಾರೋ ಕರೆದರೆಂದು ಹಿಂದೆ ಹೋಗಿದ್ದಕ್ಕೆ ಕೆನ್ನೆಗೆ ಬಾರಿಸಿದ್ದಳು. ಅಲ್ಲಿಂದಾಚೆಗೆ ಹುಡುಗಿ ಹೊರಗಿನವರಿಗೆ ಓಗೊಟ್ಟದ್ದೇ ಇಲ್ಲ. ಈಗ ಬುದ್ಧನ ಲೋಕದಲ್ಲಿ ಹೋಶುನ್ ಎಂದು ಕರೆಯುತ್ತಾರೆ, ಇವಳು ನಿಂತಲ್ಲೇ ನಿಂತಿರುತ್ತಾಳೆ, ಒಬ್ಬಳೇ. ಕಿನುಯೊ ಗುರುಗಳ ಕಡೆ ತಿರುಗಿದಳು.

"ತತ್ಸುವೊ," ಎಂದಳು. ಅದು ಗುರುಗಳ ಹುಟ್ಟುಹೆಸರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. "ತಲೆ ಬೋಳಿಸಿ ರ್ಯೂಎನ್ ಅಂತ ಕರೆದಾಗ ನೀನು ತಿರುಗಿದ್ಯೇನೋ?"

ಮುದುಕರು ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡರು.

"ಇಲ್ಲ. ಕೂತೇ ಇರ್ತಿದ್ದೆ. ಸೊಕ್ಕು ಅಂತ ಬಡೀತಿದ್ರು."

"ಮತ್ತೆ ಹೇಗೆ ಕಲಿತೆ?"

"ಅಡುಗೆಮನೇಲಿ ಒಬ್ಬ ಹಿರಿಯ ಭಿಕ್ಷು ಇದ್ದ. ಅನ್ನ ಬಡಿಸುವಾಗ ತತ್ಸುವೊ ಅನ್ನೋನು, ಅದರ ಹಿಂದೆನೇ ರ್ಯೂಎನ್ ಅನ್ನೋನು. ಬರ್ತಾ ಬರ್ತಾ ಎರಡೂ ನಾನೇ ಅಂತಾಯ್ತು."

ಮುಚ್ಚಳ ಹಾಕಲು ಬಂದವರನ್ನು ಗುರುಗಳೇ ಕೈಯೆತ್ತಿ ತಡೆದರು. ಕಿನುಯೊ ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು.

"ಕೊಹರು. ಹೋಶುನ್. ಎರಡೂ ನೀನೇ ಕಣೇ ಪುಟ್ಟಿ. ಕೊಹರು. ಹೋಶುನ್."

ಅವಳ ನಾಲಿಗೆಗೂ ಅದು ಸುಲಭವಾಗಿ ಹೊರಳಲಿಲ್ಲ. ಸೊಸೆ ಬಂದು ಪಕ್ಕದಲ್ಲಿ ಕೂತು, ಅಳುತ್ತಲೇ ದನಿಗೂಡಿಸಿದಳು. ಕೊನೆಗೆ ಕಿನುಯೊ, ಅಂದು ಹೊಡೆದಿದ್ದ ಕೆನ್ನೆಯ ಮೇಲೆ ಕೈಯಿಟ್ಟಳು. ಅದು ತಣ್ಣಗಿತ್ತು.

"ಅಲ್ಲಿ ಯಾರಾದ್ರೂ ಹೋಶುನ್ ಅಂದ್ರೆ ಓ ಅನ್ನು, ಆಯ್ತಾ? ಅಜ್ಜಿ ಬಯ್ಯಲ್ಲ. ಹೋಗು."