ಕರಿಟೋಪಿ ಸಾಯಬೇಕಾದ ಜಾಗ

೧

ಈ ಕಥೆಯನ್ನು ಗುಂಡಿನ ಸದ್ದಿನಿಂದ ಶುರು ಮಾಡಲೇ, ಎಕ್ಸ್‌ರೇಯಿಂದಲೇ? ಗುಂಡು ಹಾರಿಸಿದರೆ ನೀವು ಕೂತಲ್ಲಿಂದ ಏಳುವುದಿಲ್ಲವೆಂಬ ಆಸೆ ನನಗೆ. ಆದರೆ ಗುಂಡು ನಿಜವಾದದ್ದಲ್ಲ, ಡ್ರಮ್ಮಿನ ಅಂಚಿಗೆ ಬೀಳುವ ಒಂದು ಏಟು. ಹೊಡೆಯುವವಳು ಬಂದೂಕಕ್ಕ. ಸಾಯುವವನು ಅವಳ ಗಂಡ ಕರಿಟೋಪಿ. ಶನಿವಾರ ಸಂಜೆ ಸಾಯುತ್ತಾನೆ, ಭಾನುವಾರ ಎದ್ದು ಬಟ್ಟೆ ಒಣಹಾಕುತ್ತಾನೆ.

(ಎಕ್ಸ್‌ರೇ ಬರುತ್ತದೆ, ಸ್ವಲ್ಪ ತಾಳಿ.)

೨

ವಾರವಿಡೀ ಬಂದೂಕಕ್ಕ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಕರಿಟೋಪಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಮಕ್ಕಳು ಗಲಾಟೆ ಮಾಡಿದರೆ ಬೈಯಲಾರದೆ ತಾನೇ ಮುಖ ಸಣ್ಣದು ಮಾಡಿಕೊಳ್ಳುವ ಆಸಾಮಿ. ಬೇಸ್ ಗಿಟಾರ್ ನುಡಿಸುವವನು ಅವಳ ತಮ್ಮ, ಲಿಫ್ಟ್ ರಿಪೇರಿಯವನು. ವೇದಿಕೆಯಲ್ಲಿ ಕೊರಳಿಗೆ ಕುಣಿಕೆ ಹಾಕಿಕೊಳ್ಳುವುದರಿಂದ ಅವನ ಹೆಸರು ನೇಣು. ಶನಿವಾರ ಮೂವರೂ ವೇದಿಕೆಯ ಡಕಾಯಿತರು: ಕರಿಟೋಪಿ ಹಾಡುತ್ತಾನೆ, ಬಂದೂಕಕ್ಕ ಡ್ರಮ್ ಬಾರಿಸುತ್ತಾಳೆ. ಚರ್ಮದ ಕೋಟು, ಕಾಡಿಗೆಯಲ್ಲಿ ಬರೆದ ಗಾಯ, ಹಳೇ ಧಾಟಿಯ ರಾಕ್ ಅಂಡ್ ರೋಲ್. ಕೊನೆಯ ಹಾಡಿನಲ್ಲಿ ಡಕಾಯಿತ ಸೇತುವೆಯ ಮೇಲೆ ಸಿಕ್ಕಿಬೀಳುತ್ತಾನೆ. ಠಾಪ್! ಕರಿಟೋಪಿ ಹಲಗೆಯ ಮೇಲೆ ಅಂಗಾತ ಬೀಳುತ್ತಾನೆ. ದೀಪ ಆರುತ್ತದೆ. ಜನ ಬರುವುದೇ ಅದಕ್ಕೆ.

೨ (ಮತ್ತೆ. ಮೇಲಿನದು ಕೆಲಸಕ್ಕೆ ಹಾಕಿದ ಅರ್ಜಿಯ ಹಾಗಾಯಿತು.)

ಡಾಕ್ಟರಮ್ಮ ಕರಿಟೋಪಿಯ ಸೊಂಟದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು, "ಎಲ್ಲಿಂದ ಬಿದ್ರಿ?"

"ಎಲ್ಲಿಂದಾನೂ ಇಲ್ಲ. ನಿಂತಲ್ಲೇ ಬೀಳ್ತೀನಿ."

"ಯಾಕೆ?"

"ಗುಂಡು ತಗಲುತ್ತೆ."

ಡಾಕ್ಟರಮ್ಮ ಬಂದೂಕಕ್ಕನ ಮುಖ ನೋಡಿದರು. ಅವಳು ನೆಲ ನೋಡಿದಳು. "ಇನ್ನೊಂದ್ಸಲ ಹಾಗೆ ಬಿದ್ರೆ ಆಮೇಲೆ ನಡೆಯೋದೇ ಕಷ್ಟ ಆಗ್ಬಹುದು," ಎಂದರು.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಮೂರನೆಯ ಭಾಗದಲ್ಲಿ ನಾನು ಕರಿಟೋಪಿಯನ್ನು ವೇದಿಕೆಯ ಮೇಲೇ ನಿಜವಾಗಿ ಸಾಯಿಸಿದ್ದೆ. ಓದಿದವರು ಕರವಸ್ತ್ರ ಹುಡುಕಬೇಕು, ಹಾಗಿತ್ತು. ಬಂದೂಕಕ್ಕ ಒಪ್ಪಲಿಲ್ಲ.

"ನಿಮಗೇನು, ಬರೆದು ಕೈ ತೊಳ್ಕೊಂಡು ಎದ್ದು ಹೋಗ್ತೀರ. ಬೆಳಗಾದ್ರೆ ಅವನ ಕಾಲಿಗೆ ಸಾಕ್ಸ್ ಹಾಕೋಳು ನಾನು."

ಹರಿದು ಹಾಕಿದೆ.

೪

ಸಭಾಂಗಣದ ಹಿಂದೆ, ಮುರುಕು ಕುರ್ಚಿಗಳನ್ನು ಪೇರಿಸಿಟ್ಟ ಉಗ್ರಾಣದಲ್ಲಿ ಅವಳು ಅವನ ಸೊಂಟಕ್ಕೆ ಬೆಲ್ಟು ಕಟ್ಟುತ್ತಿದ್ದಳು.

"ಇವತ್ತು ಬೀಳ್ಬೇಡ."

"ಬೀಳದಿದ್ರೆ ಹಾಡು ಮುಗಿಯೋದು ಹೇಗೆ?"

"ಕುರ್ಚಿ ಹಾಕ್ಸ್ತೀನಿ. ಕೂತ್ಕೊಂಡು ಸಾಯಿ."

"ಡಕಾಯಿತ ಕೂತ್ಕೊಂಡು ಸಾಯ್ತಾನಾ? ಪಿಂಚಣಿ ತಗೊಳ್ಳೋರ ಥರ?"

ನೇಣು ಗಿಟಾರಿನ ತಂತಿ ಬಿಗಿಯುತ್ತ, "ಭಾವ, ಬೇಕಾದ್ರೆ ನಾನು ಸಾಯ್ತೀನಿ," ಎಂದ.

"ನೀನು ಸತ್ರೆ ಯಾರಿಗೋ ಬೇಜಾರು?" ಎಂದ ಭಾವ.

ನಗು ಅಡಗಿದ ಮೇಲೆ ಕರಿಟೋಪಿ ಮೆಲ್ಲಗೆ ಹೇಳಿದ. "ವಾರವೆಲ್ಲ 'ಅಂಕಲ್ ಹಾರ್ನ್ ಹೊಡೀರಿ, ಅಂಕಲ್ ಬೇಗ ಹೋಗಿ'. ಇಲ್ಲಿ ನಾನು ಎದೆ ಹಿಡ್ಕೊಂಡ್ರೆ ಇಡೀ ಹಾಲ್ ಉಸಿರು ಬಿಗಿ ಹಿಡಿಯುತ್ತೆ. ಅದೊಂದನ್ನ ಮಾತ್ರ ಬಿಡು ಅನ್ಬೇಡ."

ಬಂದೂಕಕ್ಕ ಬೆಲ್ಟನ್ನು ಇನ್ನಷ್ಟು ಬಿಗಿದಳು.

೫

ಕೊನೆಯ ಹಾಡು. ಸೇತುವೆ ಬಂತು. ಕರಿಟೋಪಿ ಎದೆ ಹಿಡಿದ. ಅವಳ ಕೋಲು ಮೇಲೆದ್ದಿತು.

ನನ್ನ ಬಳಿ ಎರಡು ಮುಕ್ತಾಯಗಳು ತಯಾರಿದ್ದವು. (ಅ) ಅವನು ಬೀಳುತ್ತಾನೆ, ಏಳುತ್ತಾನೆ. (ಆ) ಬೀಳುತ್ತಾನೆ, ಏಳುವುದಿಲ್ಲ. ಯಾವುದೆಂದು ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಬಂದೂಕಕ್ಕ ಆ ಏಟನ್ನು ಹೊಡೆಯದೆ ತಾಳವನ್ನು ಮುಂದುವರಿಸಿಬಿಟ್ಟಳು.

ಅವನು ಎದೆ ಹಿಡಿದು, ಕಣ್ಣು ಮುಚ್ಚಿ, ಬಸ್ಸಿಗೆ ಕಾಯುವವನಂತೆ ನಿಂತೇ ಇದ್ದ. ಒಂದು ಕಣ್ಣು ತೆರೆದ. ಹಿಂದಿನ ಸಾಲಿನಿಂದ ಯಾರೋ "ಬೀಳೋ!" ಎಂದರು. ನೋಡನೋಡುತ್ತಿದ್ದಂತೆ ಇಡೀ ಸಭಾಂಗಣ "ಬೀಳು! ಬೀಳು!" ಎಂದು ಕಾಲು ಕುಟ್ಟತೊಡಗಿತು.

ಅವನು ಹೆಂಡತಿಯತ್ತ ತಿರುಗಿದ. ತುಂಬಿದ ಮನೆಯಲ್ಲಿ ಪಂಚೆ ಜಾರಿದವನ ಮುಖ. ಗುಂಡಿಲ್ಲದಿದ್ದರೂ ಬಿದ್ದೇ ತೀರುತ್ತೇನೆಂದು ಮೊಣಕಾಲು ಮಡಿಸತೊಡಗಿದ. ಅವಳು ಅವನ ಕಾಲರ್ ಹಿಡಿದು ಮೇಲೆತ್ತುವವಳಂತೆ ಇನ್ನೂ ಜೋರಾಗಿ ಬಾರಿಸಿದಳು. ಅಷ್ಟರಲ್ಲಿ ನೇಣು ನುಡಿಸುತ್ತಲೇ ಬಂದು, ಭಾವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕಂಬದ ಹಾಗೆ ನಿಂತ. ಬೀಳಲು ಜಾಗವೇ ಇರಲಿಲ್ಲ.

ಕರಿಟೋಪಿ ಹಾಗೆಯೇ ಒರಗಿ ನಿಂತ. ಆಮೇಲೆ ಮೈಕು ಎಳೆದುಕೊಂಡು, ಹಾಡಿನಲ್ಲಿ ಇಲ್ಲದ ಮಾತೊಂದನ್ನು ರಾಗವಾಗಿ ಕೂಗಿದ:

"ಗುರಿ ತಪ್ಪಿತೇ, ನನ್ನ ಬಂದೂಕಿನವಳೇ!"

ಜನ ಹೋ ಎಂದು ನಕ್ಕರು.

"ಇನ್ನೊಂದು ಹಾರಿಸೇ, ನೋಡೋಣ!"

ಅವಳು ಕೋಲೆತ್ತಿದಳು. ಸಭಾಂಗಣ ಗಪ್ಪನೆ ಸುಮ್ಮನಾಯಿತು. ಹೊಡೆಯಲಿಲ್ಲ. ಮುಂದಿನ ಸುತ್ತಿನಲ್ಲೂ ಎತ್ತಿದಳು, ಮತ್ತೆ ಎಲ್ಲರ ಉಸಿರೂ ನಿಂತಿತು. ಅವನಿಗೆ ಅದು ಕೇಳಿಸಿತು. ಮುಖ ಅರಳಿದ್ದನ್ನು ಅವಳು ಕಂಡಳು.

೬

ಬೆವರು ಸುರಿಸುತ್ತ ಅವನು ಡ್ರಮ್ಮಿನ ಹತ್ತಿರ ಬಂದು ಬಗ್ಗಿದ.

"ಇದನ್ನ ನಿಲ್ಲಿಸೋದು ಹೇಗೆ?"

"ನಂಗೇನು ಗೊತ್ತು? ಇನ್ನೊಂದು ಪದ್ಯ ಹಾಡು."

"ಇನ್ನೊಂದು ಇಲ್ವಲ್ಲ!"

"ಮಾಡ್ಕೋ."

ನಾನು ಸಹಾಯಕ್ಕೆಂದು (ಇ) ಎಂಬ ಮುಕ್ತಾಯವನ್ನು ಹಿಡಿದು ವೇದಿಕೆ ಹತ್ತಲು ಹೋದೆ. "ಸ್ವಲ್ಪ ಸುಮ್ನೆ ಕೂತ್ಕೊಳ್ರೀ," ಎಂದಳು ಬಂದೂಕಕ್ಕ, ತಾಳ ತಪ್ಪದೆ. ಕೂತೆ. ನಿಮ್ಮ ಪಕ್ಕದಲ್ಲೇ ಜಾಗವಿತ್ತು.

ಕರಿಟೋಪಿ ಸೊಂಟದ ಮೇಲೊಂದು ಕೈಯಿಟ್ಟುಕೊಂಡು ಮೈಕಿನ ಕಡೆ ನಡೆದ. ಏನು ಹಾಡುವುದೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ಬಾಯಿ ತೆರೆದ.