ಕಿವಿ ಮೇಸ್ತ್ರಿಯ ಕರಿಹಲಗೆ

ಆ ಗ್ಯಾರೇಜಿನ ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಗಾಡಿಯಲ್ಲಿ ಏನೋ ಶಬ್ದ ಬರುತ್ತಿದೆ ಎಂದು ಯಾರಾದರೂ ಬಂದರೆ ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ಬರುತ್ತಿದ್ದರು. ಬಂದವರೇ ಕೈ ಕೂಡ ಒರೆಸಿಕೊಳ್ಳದೆ ಸೀಮೆಸುಣ್ಣ ಹಿಡಿದು ಮೂರು ಸಾಲು ಬರೆಯುತ್ತಿದ್ದರು: ಶಬ್ದ ಯಾವುದು, ಕಾರಣ ಏನು, ಹಿಡಿದವರು ಯಾರು. ಒಂದು ನಟ್ಟು ಸಡಿಲವಾಗುವ ಮೊದಲೇ ಇದೆಲ್ಲ ಆಗಿಬಿಡಬೇಕು. ಆಮೇಲೆ ಬಿಚ್ಚಿ ನೋಡಿದರೆ ಬರೆದದ್ದೇ ನಿಜವಾಗಿರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಎರಡನೆಯ ಸಾಲನ್ನು ಅಳಿಸಿ ತಿದ್ದಿದ್ದಿಲ್ಲ. ಮೂರನೆಯ ಸಾಲಿನಲ್ಲಂತೂ 'ನಾನು' ಎಂಬುದನ್ನು ಬಿಟ್ಟು ಬೇರೆ ಮಾತೇ ಬಿದ್ದಿದ್ದಿಲ್ಲ. ಜನ ಅವರನ್ನು ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದುದು ಇದಕ್ಕೇ. ಹಾಗೆ ಕರೆದಾಗ ಅವರು ಸಂಕೋಚವಾದವರಂತೆ ಮುಖ ಮಾಡುತ್ತಿದ್ದರು. ಪಾಪ, ನಟನೆ ಒಂದು ಅವರಿಗೆ ಬರುತ್ತಿರಲಿಲ್ಲ.

ಈಗ ಒಂದು ವಾರದಿಂದ ಹಲಗೆಯ ಮೇಲೆ ಇದ್ದದ್ದು ಇಷ್ಟು: ಶಬ್ದ, ಕಟಕ್. ಕಾರಣ, ಎಡಗಡೆ ಆಕ್ಸಲ್ ಜಾಯಿಂಟ್. ಹಿಡಿದವರು, ನಾನು. ಅದು ವಿದ್ಯುತ್ ಆಫೀಸಿನ ಟ್ರಕ್ಕಿನ ವಿಷಯ. ಬೆಟ್ಟದ ಮೇಲಿನ ಕಂಬಗಳ ರಿಪೇರಿಗೆ ಹೋಗುವ ಗಾಡಿ. ಇಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ, ತಲೆಯ ಮೇಲೊಂದು ಏಣಿ. ಮುಂದಿನ ಎಡ ಚಕ್ರಕ್ಕೆ ಬಲ ಕೊಡುವ ಆಕ್ಸಲ್ಲಿನ ಹಳೆಯ ಜಾಯಿಂಟ್ ಕಿತ್ತು ಮೇಸ್ತ್ರಿ ಹೊಸದು ಹಾಕಿದ್ದರು. "ಒಂದು ಸುತ್ತು ಓಡಿಸಿ ನೋಡೋಣ್ವಾ ಅಪ್ಪ?" ಎಂದು ಮಗಳು ಕೇಳಿದ್ದಳು. "ನೋಡೋದೇನು? ಬರೆದಾಯ್ತಲ್ಲ," ಎಂದು ಗಾಡಿಯನ್ನು ಹಾಗೇ ಕಳಿಸಿದ್ದರು.

ಇವತ್ತು ಬೆಳಿಗ್ಗೆ ಅದೇ ಟ್ರಕ್ಕು ಮತ್ತೆ ಬಾಗಿಲಿಗೆ ಬಂದು ನಿಂತಿತು. ಡ್ರೈವರ್ ಕೆಳಗಿಳಿದು, ಕತ್ತಿನ ಹಿಂದೆ ಕೆರೆದುಕೊಳ್ಳುತ್ತಾ, ಹಲಗೆಯ ಕಡೆ ನೋಡದೆ ಮಾತಾಡಿದ.

"ಮೇಸ್ತ್ರಿಗಳೇ, ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಅವತ್ತು ಇಲ್ಲಿಂದ ಹೋಗಿ ಮೊದಲ್ನೇ ತಿರುವು ದಾಟೋದ್ರೊಳಗೆ ಮತ್ತೆ ಕಟಕ್ ಅಂತು. ನಿಮ್ಗೆ ಹೇಳೋಕೆ ಮುಜುಗರ ಆಗಿ ಒಂದು ವಾರ ಹಾಗೇ ಓಡಿಸ್ದೆ."

"ಒಂದು ವಾರಾನಾ?"

"ಹೂಂ. ಈಗ ಸಾಹೇಬರ ಕಿವಿಗೂ ಬಿದ್ದಿದೆ. ಇವತ್ತು ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಮ್ಮಾಫೀಸಿನ ಐದೂ ಗಾಡೀನ ಎದುರುಗಡೆಗೆ ಕಳಿಸು ಅಂದ್ರು."

ಎದುರುಗಡೆ ಎಂದರೆ ರಸ್ತೆಯ ಆಚೆ ಬದಿ. ಅಲ್ಲಿ ಗಾಜಿನ ಬಾಗಿಲು, ಬಿಳಿ ಟೈಲ್ಸು, ಗಾಡಿಗೆ ತಂತಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ರೋಗ ಓದುವ ಏರ್ಪಾಡು. ಅದು ಮೇಸ್ತ್ರಿಯ ಸ್ವಂತ ತಮ್ಮನದು. ಸ್ಪ್ಯಾನರ್ ಹಿಡಿಯುವುದನ್ನು ಅವನು ಕಲಿತದ್ದು ಇದೇ ಗ್ಯಾರೇಜಿನ ಎಣ್ಣೆ ನೆಲದ ಮೇಲೆ. ಈಗ ದಿನಕ್ಕೊಂದು ಸಲ ರಸ್ತೆ ದಾಟಿ ಬಂದು ಎರಡು ಬುದ್ಧಿಮಾತು ಹೇಳಿ ಹೋಗುತ್ತಿದ್ದ. "ಅಣ್ಣ, ಕಿವಿಗೂ ವಯಸ್ಸಾಗುತ್ತೆ" ಎನ್ನುವುದು ಒಂದು. "ಮಗಳನ್ನ ಯಾಕೆ ಗಾಡಿ ಕೆಳಗೆ ಮಲಗಿಸ್ತೀಯ, ಒಳಗೆ ಕುರ್ಚಿ ಹಾಕಿ ಕೂರಿಸು" ಎನ್ನುವುದು ಇನ್ನೊಂದು. ಎರಡಕ್ಕೂ ಮೇಸ್ತ್ರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಮೊದಲನೆಯ ಮಾತಿಗೆ ಕೊಡುತ್ತಿದ್ದಷ್ಟು ಜೋರಾದ ಉತ್ತರವನ್ನು ಎರಡನೆಯದಕ್ಕೆ ಅವರು ಯಾವತ್ತೂ ಕೊಟ್ಟಿರಲಿಲ್ಲ.

ಮೇಸ್ತ್ರಿ ಟ್ರಕ್ಕು ಹತ್ತಿ ಒಂದು ಸುತ್ತು ಹೋಗಿ ಬಂದರು. ಏಣಿ ಇಳಿಸಿಟ್ಟು ಇನ್ನೊಂದು ಸುತ್ತು ಹೋದರು. ಹೊರಡುವಾಗ ಒಮ್ಮೆ ಕಟಕ್, ಬ್ರೇಕ್ ಒತ್ತಿದಾಗ ಒಮ್ಮೆ ಕಟಕ್, ಹಳ್ಳಕ್ಕೆ ಇಳಿದಾಗ ಒಮ್ಮೆ. ಕಣ್ಣು ಮುಚ್ಚಿ ಕೇಳಿದರು. ಅವರ ಕಿವಿ ಮತ್ತೆ ಮತ್ತೆ ಆಕ್ಸಲ್ ಎಂದೇ ಹೇಳಿತು, ಆಕ್ಸಲ್ ಮಾತ್ರ ಹೊಚ್ಚ ಹೊಸದು. ವಾಪಸು ಬಂದು ಹಲಗೆಯ ಮುಂದೆ ನಿಂತವರಿಗೆ ಸೀಮೆಸುಣ್ಣ ಎತ್ತಿಕೊಳ್ಳಲು ಕೈ ಬರಲಿಲ್ಲ. ಐದು ಗಾಡಿ ಹೋದರೆ ಹೋಗಲಿ, ಇನ್ನಷ್ಟು ಬರುತ್ತವೆ. ಕಿವಿ ಮೇಸ್ತ್ರಿ ಎಂಬ ಹೆಸರು ರಸ್ತೆ ದಾಟಿ ಹೋದರೆ ಅದು ವಾಪಸು ಬರುವುದಿಲ್ಲ.

"ಅಪ್ಪ, ಇವತ್ತು ನಾನು ನೋಡ್ಲಾ?" ಎಂದಳು ಮಗಳು.

ಎಂಟು ವರ್ಷದಿಂದ ಅವಳು ಅಲ್ಲೇ ಕೆಲಸ ಮಾಡುತ್ತಿದ್ದಳು. ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದಳು, ಗೇರ್‌ಬಾಕ್ಸ್ ಇಳಿಸುತ್ತಿದ್ದಳು. ಆದರೆ ಶಬ್ದ ಹಿಡಿಯುವುದು ಅಪ್ಪನ ಕೆಲಸ. ಸೀಮೆಸುಣ್ಣಕ್ಕೆ ಅವಳು ಕೈ ಹಾಕಿದವಳಲ್ಲ.

"ನೋಡು," ಎಂದರು ಮೇಸ್ತ್ರಿ, ಬಾಯಿಗೆ ಕಹಿ ಬಂದವರ ಹಾಗೆ. "ನನ್ನ ಕಿವಿಗೆ ಸಿಗದಿದ್ದು ನಿನಗೆ ಸಿಕ್ಕಿದ್ರೆ ಸೀಮೆಸುಣ್ಣ ನಿನ್ನ ಕೈಗೇ ಕೊಟ್ಬಿಡ್ತೀನಿ."

ಮಗಳು ಕಿವಿಯ ತಂಟೆಗೇ ಹೋಗಲಿಲ್ಲ. ಮೊದಲು ಮುಂದಿನ ಚಕ್ರಗಳಿಗೆ ಬಲ ಕೊಂಡೊಯ್ಯುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಳು. ಈಗ ಗಾಡಿ ಬರೀ ಹಿಂದಿನ ಎರಡು ಚಕ್ರದ ಬಲದಿಂದ ಓಡುತ್ತದೆ, ಮುಂದಿನವು ಸುಮ್ಮನೆ ಉರುಳುತ್ತವೆ.

"ಈಗಲೂ ಶಬ್ದ ಬಂದ್ರೆ ಆಕ್ಸಲ್‌ದಲ್ಲ, ಶಾಫ್ಟ್‌ದೂ ಅಲ್ಲ," ಎಂದು ಡ್ರೈವರಿಗೆ ವಿವರಿಸಿದಳು. ಇಬ್ಬರೂ ಹೋಗಿ ಬಂದರು. ಶಬ್ದ ಇದ್ದ ಹಾಗೇ ಇತ್ತು. ಅಂದರೆ ಹಲಗೆಯ ಎರಡನೆಯ ಸಾಲು ಹಗಲು ಬೆಳಕಿನಲ್ಲಿ, ಹೊರಗಿನವನ ಎದುರಿಗೆ, ಸುಳ್ಳಾಗಿತ್ತು. ಮೇಸ್ತ್ರಿ ಟೈರುಗಳ ರಾಶಿಯ ಮೇಲೆ ಕೂತು ಒಂದು ಹಳೆಯ ಬೇರಿಂಗನ್ನು ಸುಮ್ಮನೆ ತಿರುಗಿಸುತ್ತಿದ್ದರು.

ಆಮೇಲೆ ಅವಳು ಗಾಡಿ ವಾಲದಂತೆ ತಡೆಯುವ ಅಡ್ಡ ಕಂಬಿಯ ಎರಡು ಕೊಂಡಿಗಳನ್ನು ಕಳಚಿದಳು. ಮತ್ತೆ ಒಂದು ಸುತ್ತು. ಮತ್ತೆ ಕಟಕ್. ಆಗ ಅವಳು ಟ್ರಕ್ಕನ್ನು, ಗಾಡಿಯ ಅಡಿ ನೋಡಲು ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ನಿಲ್ಲಿಸಿ, ತಾನು ಗುಂಡಿಗಿಳಿದು ಕೈಗವಸು ತೆಗೆದು ಬದಿಗಿಟ್ಟು, ಸೀಟಿನಲ್ಲಿದ್ದ ಡ್ರೈವರಿಗೆ ಕೂಗಿ ಹೇಳಿದಳು.

"ಅಣ್ಣ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಾಡೀನ ಒಂಚೂರು ಮುಂದೆ, ಒಂಚೂರು ಹಿಂದೆ ಆಡಿಸ್ತಾ ಇರಿ. ನಾನು ನಿಲ್ಸಿ ಅಂದಾಗ ನಿಲ್ಸಿ."

ಬರಿಗೈಯನ್ನು ಒಂದೊಂದು ಭಾಗದ ಮೇಲೂ ಇಟ್ಟಳು. ಆಕ್ಸಲ್ ಮೇಲೆ ಇಟ್ಟಾಗ ಅಂಗೈಗೆ ಬರೀ ಅದುರು ಸಿಕ್ಕಿತು. ಸ್ಟೇರಿಂಗಿನ ಕೊಂಡಿಯ ಮೇಲೂ ಅಷ್ಟೇ. ಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಕೆಳಗಿನ ತೋಳಿನ ಬುಡದ ಮೇಲೆ, ಎಡಗಡೆ, ಕೈ ಇಟ್ಟಾಗ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗಾಯಿತು. "ನಿಲ್ಸಿ," ಎಂದಳು. ಟಾರ್ಚ್ ಹಿಡಿದು ನೋಡಿದಳು. ಅಲ್ಲಿ ಬೋಲ್ಟಿನ ಸುತ್ತ ಇರುವ ರಬ್ಬರಿನ ಬುಶ್ ಸೀಳಿಹೋಗಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಆ ಏಟು ತೋಳಿನುದ್ದಕ್ಕೂ ಓಡಿ ಆಕ್ಸಲ್ಲಿನ ಹತ್ತಿರ ಸದ್ದು ಮಾಡುತ್ತಿತ್ತು.

ಅವಳು ಅಷ್ಟಕ್ಕೇ ಮೇಲೆ ಬರಲಿಲ್ಲ. ಟಾರ್ಚನ್ನು ಬಲಗಡೆಯ ಬೋಲ್ಟಿಗೆ ಹಿಡಿದಳು, ಮತ್ತೆ ಎಡಗಡೆಗೆ ಹಿಡಿದಳು. ಮತ್ತೊಮ್ಮೆ ಬಲಗಡೆಗೆ. ಗುಂಡಿಯೊಳಗೆ ಅಷ್ಟು ಹೊತ್ತು ಏನು ನೋಡುತ್ತಿದ್ದಾಳೆಂದು ಮೇಸ್ತ್ರಿ ಎದ್ದು ಬಂದು ಬಗ್ಗಿದರು.

"ಅಪ್ಪ, ಈ ಬುಶ್‌ಗಳನ್ನ ನಾಲ್ಕು ತಿಂಗಳ ಹಿಂದೆ ನಾವೇ ಹಾಕಿದ್ದು ಅಲ್ವಾ?"

"ಹೌದು, ಎರಡೂ ಕಡೆ. ನಾನೇ ಹಾಕಿದ್ದು. ಏನೀಗ?"

"ಬಲಗಡೆ ಹಳದಿ ಗೆರೆ ಮೇಲೆ ಅಡ್ಡಗೆರೆ ಇದೆ. ಎಡಗಡೆ ಅಡ್ಡಗೆರೆ ಇಲ್ಲ."

ಈ ಗೆರೆಗಳ ಪದ್ಧತಿ ಮಾಡಿದ್ದೇ ಮೇಸ್ತ್ರಿ. ಈ ಬೋಲ್ಟುಗಳನ್ನು ಎರಡು ಸಲ ಬಿಗಿಯಬೇಕು. ಗಾಡಿ ಮೇಲೆತ್ತಿದಾಗ, ಚಕ್ರ ಜೋತಾಡುತ್ತಿರುವಾಗ, ಕೂರುವಷ್ಟು ಮಾತ್ರ ಬಿಗಿದು ಒಂದು ಹಳದಿ ಗೆರೆ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ, ಅದು ತನ್ನ ಭಾರದ ಮೇಲೆ ತಾನು ನಿಂತಾಗ, ಬೋಲ್ಟನ್ನು ಸಡಿಲಿಸಿ, ಪೂರ್ತಿ ಬಿಗಿದು, ಅದರ ಮೇಲೆ ಅಡ್ಡಗೆರೆ. ಹಾಗೆ ಮಾಡದಿದ್ದರೆ ರಬ್ಬರು ಜೋತಾಡಿದ ಸ್ಥಿತಿಯಲ್ಲೇ ಕಚ್ಚಿಕೊಂಡು, ಗಾಡಿ ನೆಲದ ಮೇಲೆ ನಿಂತಷ್ಟು ಹೊತ್ತೂ ತಿರುಚಿಕೊಂಡೇ ಇರುತ್ತದೆ. ಬೆಟ್ಟದ ದಾರಿಯಲ್ಲಿ ಅದು ನಾಲ್ಕು ತಿಂಗಳು ಬಾಳಿದ್ದೇ ಹೆಚ್ಚು. ಮಗಳು ಹೊಸದಾಗಿ ಕೆಲಸಕ್ಕೆ ಬಂದಾಗ ಇದನ್ನೇ ಮರೆತಿದ್ದಳು. "ನಿನ್ನ ಕಿವೀನ ಹೀಗೇ ಹಿಂಡಿ ಇಡೀ ದಿನ ಬಿಟ್ರೆ ಹೇಗಿರುತ್ತೆ ಹೇಳು," ಎಂದು ಮೇಸ್ತ್ರಿ ಅವಳ ಕಿವಿ ಹಿಡಿದೇ ಪಾಠ ಮಾಡಿದ್ದರು.

ಅವರಿಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಗಾಡಿ ಇಳಿಸಿ ಬಲಗಡೆ ಮುಗಿಸಿ, ಬಣ್ಣದ ಕಡ್ಡಿ ಹಿಡಿದು ಎಡಗಡೆಗೆ ಹೊರಟಿದ್ದರು. ಅಷ್ಟರಲ್ಲಿ ತಮ್ಮ ರಸ್ತೆ ದಾಟಿ ಬಂದು ಕಿವಿಯ ವಯಸ್ಸಿನ ಮಾತೆತ್ತಿದ್ದ. ಮೇಸ್ತ್ರಿ ಅರ್ಧ ಗಂಟೆ ನಿಂತು ತಮ್ಮ ಕಿವಿಯ ಪ್ರತಾಪವನ್ನು ಅವನಿಗೆ ಒಪ್ಪಿಸಿದ್ದರು. ಒಂದೊಂದು ಗಾಡಿಯ ಕಥೆಯನ್ನೂ ಬಿಡಲಿಲ್ಲ. ಎಡಗಡೆಯ ಬೋಲ್ಟು ಅಲ್ಲೇ ನಿಂತುಹೋಯಿತು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏನಾಗಿದೆಯಂತೆ ತಂಗಿ?"

ಮಗಳು ಗುಂಡಿಯೊಳಗಿಂದ ಅಪ್ಪನ ಮುಖ ನೋಡಿದಳು. ಬುಶ್ ಹಾಳಾಗಿದೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ರಬ್ಬರನ್ನೋ ಬೆಟ್ಟದ ದಾರಿಯನ್ನೋ ಬೈದಿದ್ದರೂ ಡ್ರೈವರ್ ನಂಬುತ್ತಿದ್ದ. ಹೇಳಬೇಡ ಎಂದು ಮೇಸ್ತ್ರಿಯ ಮನಸ್ಸು ಬೇಡುತ್ತಿತ್ತು, ಸುಳ್ಳು ಹೇಳಿದರೆ ಇವಳು ನನ್ನ ಕೈಯಲ್ಲಿ ಕಲಿತವಳಲ್ಲ ಎಂದೂ ಅದೇ ಮನಸ್ಸು ಹೇಳುತ್ತಿತ್ತು.

"ತಪ್ಪು ನಮ್ಮದೇ ಅಣ್ಣ," ಎಂದಳು ಮಗಳು. "ಹೋದ ಸಲ ಬುಶ್ ಹಾಕ್ದಾಗ ಈ ಬೋಲ್ಟನ್ನ ಗಾಡಿ ಇಳಿಸಿದ ಮೇಲೆ ಬಿಗಿದಿಲ್ಲ. ಅದಕ್ಕೆ ರಬ್ಬರ್ ಹರಿದಿದೆ. ಜಾಯಿಂಟ್ ಬದಲಾಯಿಸಿದ್ದೂ ದಂಡ. ಸಂಜೆಯೊಳಗೆ ಸರಿ ಮಾಡ್ಕೊಡ್ತೀವಿ."

ಮೇಸ್ತ್ರಿಗೆ ಮುಖ ಬಿಸಿಯಾಯಿತು, ನಿಜ. ಆದರೆ ಆ ಬಿಸಿಯ ಹಿಂದೆಯೇ ಇನ್ನೇನೋ ಉಕ್ಕಿ ಬಂತು. ಎಂಟು ವರ್ಷ ಇವಳಿಗೆ ನಟ್ಟು ಬೋಲ್ಟು ಕಲಿಸಿದೆ ಎಂದುಕೊಂಡಿದ್ದರು. ಈ ಎದೆಗಾರಿಕೆಯನ್ನು ಯಾವಾಗ ಕಲಿಸಿದೆನೋ ಅವರಿಗೇ ಗೊತ್ತಿರಲಿಲ್ಲ. ನನ್ನ ಮಗಳು ಎಂದುಕೊಂಡರು. ಇನ್ನೊಂದು ಸಲ ಹಾಗೇ ಅಂದುಕೊಂಡರು.

ಹೊಸ ಬುಶ್ ಹಾಕಿದ್ದು ಇಬ್ಬರೂ ಸೇರಿ. ಬಿಚ್ಚಿಟ್ಟಿದ್ದ ಶಾಫ್ಟು, ಕೊಂಡಿಗಳು ತಮ್ಮ ತಮ್ಮ ಜಾಗ ಸೇರಿದವು. ಗಾಡಿಯನ್ನು ನೆಲಕ್ಕಿಳಿಸಿದ ಮೇಲೆ ಮೇಸ್ತ್ರಿ ದೊಡ್ಡ ಸ್ಪ್ಯಾನರನ್ನು ಮಗಳ ಕೈಗೆ ಕೊಟ್ಟು ತಾವು ಟಾರ್ಚ್ ಹಿಡಿದರು. ಅವಳು ಬಿಗಿದಳು, ಹಳದಿ ಗೆರೆಯ ಮೇಲೆ ಅಡ್ಡಗೆರೆ ಎಳೆದಳು. ಈ ಸಲ ಓಡಿಸಿ ನೋಡೋಣ ಎಂದು ಹೇಳಿದವರು ಮೇಸ್ತ್ರಿಯೇ. ತಮ್ಮನ ಗಾಜಿನ ಬಾಗಿಲ ಮುಂದಿನ ಹಳ್ಳದಲ್ಲಿ ಮೂರು ಸಲ ಇಳಿಸಿ ಹತ್ತಿಸಿದರು. ಡ್ರೈವರಿನ ಕೀಲಿಗೊಂಚಲು ಗಿಲಿಗಿಲಿ ಎಂದದ್ದು ಬಿಟ್ಟರೆ ಗಾಡಿ ತುಟಿ ಪಿಟಕ್ಕೆನ್ನಲಿಲ್ಲ.

"ಸಾಹೇಬರಿಗೆ ಏನು ಹೇಳ್ಲಿ?" ಎಂದ ಡ್ರೈವರ್, ಏಣಿ ಕಟ್ಟುತ್ತಾ.

"ಇದ್ದದ್ದು ಇದ್ದ ಹಾಗೇ ಹೇಳು," ಎಂದರು ಮೇಸ್ತ್ರಿ.

ಡ್ರೈವರ್ ನಕ್ಕ. "ಹಾಗಿದ್ರೆ ಐದೂ ಗಾಡಿ ಇಲ್ಲಿಗೇ ಬರುತ್ತೆ ಬಿಡಿ. ತಪ್ಪು ನಮ್ಮದು ಅಂತ ಹೇಳೋ ಗ್ಯಾರೇಜನ್ನ ನಾನು ಇವತ್ತೇ ನೋಡಿದ್ದು."

ಅವನು ಹೋದ ಮೇಲೆ ಮೇಸ್ತ್ರಿ ಹಲಗೆಯನ್ನು ಪೂರ್ತಿ ಒರೆಸಿ ಸೀಮೆಸುಣ್ಣವನ್ನು ಮಗಳ ಕೈಗಿಟ್ಟರು. ಮಾತು ಕೊಟ್ಟಿದ್ದರಲ್ಲ. ಅವಳು ಮೊದಲ ಸಾಲು ಬರೆದಳು. ಎರಡನೆಯದರಲ್ಲಿ ಸ್ವಲ್ಪ ತಡೆದು, 'ಎಡಗಡೆ ಬುಶ್ ಹರಿದದ್ದು' ಎಂದು ಬರೆದಳು.

"ಬುಶ್ ತಾನಾಗೇ ಹರೀತಾ?" ಎಂದರು ಮೇಸ್ತ್ರಿ.

"ಅಪ್ಪ, ಎಲ್ಲರೂ ಓದ್ತಾರೆ."

"ಓದ್ಲಿ ಅಂತಾನೇ ಅಲ್ವಾ ಬಾಗಿಲಲ್ಲಿ ನೇತು ಹಾಕಿರೋದು? ಕೊಡು ಇಲ್ಲಿ."

ಸಂಜೆ ತಮ್ಮ ಎಂದಿನ ಹಾಗೆ ರಸ್ತೆ ದಾಟಿ ಬಂದ. ಬಾಗಿಲಲ್ಲೇ ಕಾಲು ನಿಂತಿತು. "ಶಬ್ದ, ಕಟಕ್. ಕಾರಣ, ನಾನು," ಎಂದು ಜೋರಾಗಿ ಓದಿ ಹೌಹಾರಿದ. "ಅಣ್ಣ, ಏನಿದು? ದಾರೀಲಿ ಹೋಗೋರೆಲ್ಲ ನೋಡ್ತಾರೆ. ಮಾನ ಮರ್ಯಾದೆ ಬೇಡ್ವಾ?"

"ಮೂರನೇ ಸಾಲು ಓದು," ಎಂದರು ಮೇಸ್ತ್ರಿ. ಟೈರುಗಳ ರಾಶಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. ಒಳಗೆ ಮಗಳು ಸ್ಪ್ಯಾನರುಗಳನ್ನು ಒರೆಸಿ ಗೋಡೆಗೆ ಸಿಕ್ಕಿಸುತ್ತಿದ್ದಳು, ಸೀಮೆಸುಣ್ಣ ಅವಳ ಅಂಗಿಯ ಜೇಬಿನಲ್ಲಿತ್ತು.

ಕಣ್ಣು ಕಿರಿದು ಮಾಡಿ ತಮ್ಮ ಓದಿದ. "ಹಿಡಿದವರು, ನನ್ನ ಮಗಳು."

ಮೇಸ್ತ್ರಿ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಮುಂದಕ್ಕೆ ಬಾಗಿದರು.

"ಇನ್ನೊಂದು ಸಲ ಓದಪ್ಪ. ನೀನೇ ಹೇಳ್ತೀಯಲ್ಲ, ಕಿವಿಗೆ ವಯಸ್ಸಾಗಿದೆ ಅಂತ."