ಚಕ್ರ ಹಾಯದ ಪಟ್ಟಿ

ಹಾರೆ ಮತ್ತೆ ಠಣ್ಣೆಂದು ಪುಟಿಯಿತು. ಗುಂಡಿ ತೋಡುವವನು ಬೆವರು ಒರೆಸಿಕೊಂಡು ಮೇಲೆ ನೋಡಿದ. ಮೊಣಕಾಲುದ್ದವೂ ಇಳಿದಿರಲಿಲ್ಲ.

"ಕೆಳಗೆ ಬಂಡೆ ಇದ್ಯಾ ಯಜಮಾನ್ರೇ?"

"ಬಂಡೆ ಅಲ್ಲ, ಮಣ್ಣೇ," ಎಂದಳು ಸತ್ತವಳ ಮಗಳು. "ದೊಡ್ಡಪ್ಪನ ಟ್ರ್ಯಾಕ್ಟರ್ ತುಳಿದೂ ತುಳಿದೂ ಹೀಗಾಗಿದೆ."

ದೊಡ್ಡಪ್ಪ ಕೇಳಿಸದವನಂತೆ ಮುಖ ತಿರುಗಿಸಿದ. ಬೇಲಿ ಪಕ್ಕದಲ್ಲಿ, ಸತ್ತವಳು, ಅವನ ತಮ್ಮನ ಹೆಂಡತಿ, ಇಷ್ಟು ದಿನ ಬೇಸಾಯ ಮಾಡಿದ್ದ ಹೊಲದ ಪಟ್ಟಿಯತ್ತ ಕೈ ತೋರಿಸಿದ. "ಹೊತ್ತಾಗ್ತಿದೆ. ಅವಳ ಪಟ್ಟೀಲೇ ತೋಡು. ಅಲ್ಲಿ ಮಣ್ಣು ಮೆತ್ತಗಿದೆ."

ಮಗಳ ಮೈ ಉರಿದುಹೋಯಿತು. ಅದು ಮೆತ್ತಗಿದೆ ಅಂತ ಈ ಮನುಷ್ಯನಿಗೆ ಇವತ್ತು ಗೊತ್ತಾಯಿತೇ?

*

ಆಳ ಉಳುಮೆ ಮಾಡಿಸುತ್ತೇನೆ ಎಂದಾಗ ಅಮ್ಮನನ್ನು ನೋಡಿ ಇಡೀ ಮನೆ ನಕ್ಕಿತ್ತು. "ಮೇಲೆ ಬಿತ್ತೋದಕ್ಕೆ ಪಾತಾಳ ಯಾಕಮ್ಮ ಅಗೀಬೇಕು?" ಎಂದಿದ್ದ ದೊಡ್ಡಪ್ಪ. ಅವಳು ಮಣ್ಣು ಒಣಗಿದ್ದ ಬೇಸಿಗೆಯಲ್ಲಿ ಉದ್ದ ಹಲ್ಲಿನ ನೇಗಿಲು ಬಾಡಿಗೆಗೆ ತರಿಸಿ, ಒಳಗಿನ ಗಟ್ಟಿ ಪದರ ಸೀಳಿಸಿದಳು. ಆ ವರ್ಷ ಮಳೆನೀರು ನಿಲ್ಲದೆ ಇಂಗಿತು, ಮೆಕ್ಕೆಜೋಳದ ತೆನೆ ತುದಿವರೆಗೂ ಕಾಳು ಕಟ್ಟಿತು. ದೊಡ್ಡಪ್ಪನ ಪೈರು ಸೊಂಟದೆತ್ತರಕ್ಕೇ ನಿಂತಿತು.

ಕೊಯ್ಲು ಮುಗಿದದ್ದೇ, ನೆಲ ಇನ್ನೂ ಹಸಿಯಿರುವಾಗ, ಅವನು ತುಂಬಿದ ಟ್ರೇಲರನ್ನು ಆ ಪಟ್ಟಿಯ ಮೇಲೇ ಹಾಯಿಸಿದ. ದಾರಿ ಹತ್ತಿರವಂತೆ. ಮಾರನೆಯ ವರ್ಷ ಅಲ್ಲೂ ಬೆಳೆ ಕುಗ್ಗಿತು. "ಅವಳ ಆಳ ಉಳುಮೆ ಒಂದೇ ವರ್ಷದ ಸೊಗಸು," ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ನಾಚಿಕೆ ಅನ್ನುವುದು ಹತ್ತಿರವೂ ಸುಳಿಯಲಿಲ್ಲ. ಅಮ್ಮ ಮತ್ತೆ ಸೀಳಿಸಿದಳು, ಎರಡೂ ತುದಿಗೆ ಕಲ್ಲು ನೆಟ್ಟಳು. ಆಮೇಲೆ ಅಲ್ಲಿ ಯಾವ ಚಕ್ರವೂ ಹಾಯಲಿಲ್ಲ.

*

"ಇಲ್ಲೇ ಆಗ್ಬೇಕು," ಎಂದಳು ಮಗಳು. "ಅಪ್ಪನ ಸಮಾಧಿ ಪಕ್ಕ ಮಲಗಿಸು ಅಂದಿದ್ಲು ಅಮ್ಮ. ಅವಳು ಕೇಳಿದ್ದು ಇದೊಂದೇ."

"ಹಟ ಮಾಡ್ಬೇಡ ಮಗಳೇ. ಜನ ಬಿಸಿಲಲ್ಲಿ ನಿಂತಿದ್ದಾರೆ."

"ನಿಂತ್ಕೊಳ್ಳಲಿ. ನೀವು ತುಳಿದ ನೆಲ, ನೀವೇ ಅಗೀರಿ ದೊಡ್ಡಪ್ಪ."

ಹಾರೆಯನ್ನು ಅವನ ಮುಂದೆ ಹಿಡಿದಳು. ಯಾರೂ ಅಡ್ಡ ಬರಲಿಲ್ಲ. ಅವನು ಅತ್ತಿತ್ತ ನೋಡಿ, ಅಂಗಿಯ ತೋಳು ಮಡಚಿ ಗುಂಡಿಗೆ ಇಳಿದ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದ ಮೇಲೆ ಗಟ್ಟಿ ಪದರ ಹಲಗೆಯಂತೆ ಕಿತ್ತು ಬಂತು. ಹೋದ ಬೆಳೆಯ ಬೇರುಗಳು ಕೆಳಗಿಳಿಯಲಾಗದೆ ಅದರ ಮೇಲೆ ಅಡ್ಡಡ್ಡ ಹರಡಿಕೊಂಡಿದ್ದವು. ಅವನು ಅದನ್ನು ನೋಡಿ, ಮತ್ತೆ ಹಾರೆ ಎತ್ತಿದ.

ಪೆಟ್ಟಿಗೆ ಇಳಿಸಿದರು. ಮನೆಗೆ ಹಿರಿಯನೆಂದು ಮೊದಲ ಹಿಡಿ ಮಣ್ಣು ಅವನದು. ಪುಡಿ ಮಾಡಲು ಹಿಸುಕಿದ, ಹೆಂಟೆ ಬಗ್ಗಲಿಲ್ಲ. ಹಾಗೇ ಕೈಬಿಟ್ಟ. ಪೆಟ್ಟಿಗೆಯ ಮೇಲೆ ಅದು ಧಡ್ಡೆಂದು ಬಿತ್ತು, ನಿಂತವರೆಲ್ಲ ಬೆಚ್ಚಿದರು.

ಮಗಳು ಬೇಲಿ ಪಕ್ಕದ ಪಟ್ಟಿಗೆ ಹೋಗಿ, ಬರಿಗೈಯಲ್ಲೇ ಕೆದಕಿ ಬೊಗಸೆ ತುಂಬಿಕೊಂಡು ಬಂದಳು. ಅಮ್ಮನ ಮಣ್ಣು ಬೆರಳ ಸಂದಿಯಿಂದ ಪೆಟ್ಟಿಗೆಯ ಮೇಲೆ ಸುರಿಯಿತು. ಒಂದಿಷ್ಟೂ ಸದ್ದಾಗಲಿಲ್ಲ.